ಹೊಲಿಗೆ ಬಿಚ್ಚಿದಳು, ಬಾಯಿ ಬಿಚ್ಚಲಿಲ್ಲ

ನಮ್ಮ ಮನೆಗಳಲ್ಲಿ ಒಂದು ಕೆಟ್ಟ ಚಾಳಿ ಇದೆ. ಮದುವೆಯಿರಲಿ, ಮಕ್ಕಳ ಪರೀಕ್ಷೆಯಿರಲಿ, ಎಲ್ಲಿಗಾದರೂ ಹೊರಡುವುದಿರಲಿ, ಆ ಹೊತ್ತಿನಲ್ಲಿ ಮನೆಯ ಹೆಂಗಸಿಗೆ ಕಾಯಿಲೆ ಬರಕೂಡದು. ಬಂದರೂ ಅವಳು ಹೇಳಕೂಡದು. ಇದೊಂದು ಮುಗಿಯಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿಕೊಂಡು ಓಡಾಡುತ್ತಾಳೆ. ಆ 'ಆಮೇಲೆ' ಬರುವುದರೊಳಗೆ ಆಂಬುಲೆನ್ಸ್ ಬಂದು ನಿಂತ ಮನೆಗಳು ಎಷ್ಟೋ ಇವೆ.

ಬಟ್ಟೆ ತಿದ್ದುವ ಅಂಗಡಿಯ ಚಿಕ್ಕ ಸೊಸೆಯ ಕಥೆಯೂ ಹಾಗೇ ಮುಗಿಯುವುದರಲ್ಲಿತ್ತು.

ಅದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಉದ್ದ ಇದ್ದರೆ ಮಡಿಸಿ ಹೊಲಿ, ಬಿಗಿ ಇದ್ದರೆ ಬಿಚ್ಚಿ ಹೊಲಿ, ಅಣ್ಣನ ಕೋಟನ್ನು ತಮ್ಮನ ಮೈಗೆ ಹಿಡಿಸು, ಇಷ್ಟೇ ಅಲ್ಲಿನ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ದೊಡ್ಡ ಸೊಸೆ ಕತ್ತರಿ ಹಿಡಿಯುತ್ತಿದ್ದಳು. ನಾಲಿಗೆಯೂ ಅಷ್ಟೇ ಹರಿತ, ಹಾಗಾಗಿ ಬೀದಿಗೆಲ್ಲ ಕತ್ತರಿ ಅಕ್ಕ. ಚಿಕ್ಕ ಸೊಸೆ ಗುಂಡಿ, ಕಾಜಾ, ಅಂಚು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಗುಂಡಿ ಎಂದೇ ಹೆಸರು ಬಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸುಂಕ ವಸೂಲಿ ಮಾಡುವವಳಂತೆ ಗಿರಾಕಿಗಳನ್ನು ವಿಚಾರಿಸುವ ಅತ್ತೆ, "ಕತ್ತರಿ ಇದೆ, ಗುಂಡಿ ಇದೆ, ಚುಚ್ಚೋ ಸೂಜಿ ಮಾತ್ರ ನಾನೇ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಈ ಅತ್ತೆಗೆ ಸಮುದ್ರ ನೋಡುವ ಆಸೆ. ಕಣ್ಣಿನ ನರ ಸೊರಗುತ್ತಿದೆ, ನೋಡುವುದನ್ನೆಲ್ಲ ಬೇಗ ನೋಡಿಬಿಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಮನೆಮಂದಿ ಕೂತು ಮಾತಾಡಿದರು. ಹಡಗಿನ ಪ್ರವಾಸ ಗೊತ್ತಾಯಿತು. ಅತ್ತೆ, ಅವಳ ಮಗಳು, ಇಬ್ಬರು ಸೊಸೆಯರು, ಒಟ್ಟು ನಾಲ್ವರು. ಗಂಡುಮಕ್ಕಳಿಬ್ಬರೂ ಬಸ್ ಡ್ರೈವರುಗಳು. ಸ್ಟೇರಿಂಗ್ ಕೈಯಲ್ಲಿಲ್ಲದೆ ಅಷ್ಟು ದೂರ ಕೂರುವುದು ನಮ್ಮಿಂದಾಗದು ಎಂದು ಅವರು ಹಿಂದೆ ಸರಿದರು. ಅತ್ತೆಗೂ ಮಗಳಿಗೂ ಒಂದು ಕೋಣೆ, ವಾರಗಿತ್ತಿಯರಿಗೆ ಇನ್ನೊಂದು. ಪ್ರವಾಸದ ಏಜೆಂಟ್ ಹೇಳಿದನೆಂದು ಪ್ರಯಾಣ ವಿಮೆಯನ್ನೂ ಮಾಡಿಸಿದರು. ವಿಮೆಯ ಕಾಗದಗಳು ಜಿಪ್ಪುಗಳ ಡ್ರಾಯರಿನ ತಳ ಸೇರಿದವು. ಓದಿದವರು ಯಾರೂ ಇಲ್ಲ.

ಏಜೆಂಟ್ ಫೋನಿನಲ್ಲಿ ಹೇಳಿದ ಒಂದು ಮಾತು ಮಾತ್ರ ಕತ್ತರಿ ಅಕ್ಕನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ನಾಲ್ವರದೂ ಒಂದೇ ಬುಕಿಂಗ್. ಅವಳು ಅದಕ್ಕೆ ತನ್ನದೊಂದು ಬಾಲ ಕಟ್ಟಿದಳು. "ಕೇಳಿಸ್ಕೊಳ್ಳಿ ಎಲ್ಲರೂ. ಒಂದೇ ಬುಕಿಂಗ್ ಅಂದ್ರೆ ಒಂದೇ. ಒಬ್ಬರು ಕೈ ಎತ್ತಿದ್ರೆ ನಾಲ್ವರದೂ ಮುಳುಗ್ತು." ಏಜೆಂಟ್ ಹಾಗೆ ಹೇಳಿರಲಿಲ್ಲ. ಅವಳನ್ನು ಕೇಳಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ.

ಹೊರಡುವ ದಿನ ಹತ್ತಿರ ಬರುತ್ತಿತ್ತು. ಒಂದು ಸಂಜೆ ಗುಂಡಿ ಇಸ್ತ್ರಿ ಮಾಡಿದ ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಅರ್ಧಕ್ಕೆ ಬಂದಾಗ ಎದೆಯ ನಡುವೆ ಏನೋ ಹಿಡಿದುಕೊಂಡಿತು. ಯಾರೋ ಹಿಂದಿನಿಂದ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚಿದ ಹಾಗೆ. ದವಡೆ ನೋಯಿತು. ಮೆಟ್ಟಿಲ ಮೇಲೆ ಕೂತಳು. ಕೆಳಗಿನಿಂದ ನಾದಿನಿ, ಏನತ್ತಿಗೆ ಕೂತುಬಿಟ್ಟಿರಿ ಎಂದಾಗ, ಗುಂಡಿ ಬಿತ್ತು ಹುಡುಕುತ್ತಿದ್ದೇನೆ ಎಂದಳು. ಸ್ವಲ್ಪ ಹೊತ್ತಿಗೆ ಹಿಡಿತ ಬಿಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವಳು ಅಂಗಿ ಮುಟ್ಟಿ ನೋಡಿಕೊಂಡಳು. ದಿನ ಬೆಳಗಾದರೆ, ಎದೆಯ ಹತ್ತಿರ ಬಿಗಿಯಾಗುತ್ತಿದೆ ಸ್ವಲ್ಪ ಬಿಚ್ಚಿಕೊಡಿ ಎನ್ನುವ ಗಿರಾಕಿಗಳನ್ನೇ ಕಂಡವಳು. ತಾನೂ ದಪ್ಪಗಾಗಿದ್ದೇನೆ ಎಂದುಕೊಂಡು ಪಕ್ಕದ ಹೊಲಿಗೆಯನ್ನು ಬಿಚ್ಚಿ, ಒಂದಿಷ್ಟು ಸಡಿಲ ಮಾಡಿ ಮತ್ತೆ ಹೊಲಿದುಕೊಂಡಳು. ಮರುದಿನ ನೀರಿನ ಬಿಂದಿಗೆ ಎತ್ತುವಾಗ ಅದೇ ಹಿಡಿತ. ಮತ್ತೆ ಬಿಚ್ಚಿದಳು. ಇನ್ನೊಮ್ಮೆ ಮೆಟ್ಟಿಲ ಮೇಲೆ ಹಿಡಿದಾಗ ಬ್ಲೇಡು ತೆಗೆದುಕೊಂಡು ಕೂತಳು. ಬಿಚ್ಚುವುದಕ್ಕೆ ಹೊಲಿಗೆಯ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಅಂಗಿ ಹೆಗಲಿನಿಂದ ಜಾರುವಷ್ಟು ಸಡಿಲವಾಗಿತ್ತು. ಬಿಗಿ ಮಾತ್ರ ಹಾಗೇ ಇತ್ತು.

ಆಗ ಬಂತು ಭಯ. ಬ್ಲೇಡು ಕೆಳಗಿಟ್ಟಳು.

ನೂಲು ತರುತ್ತೇನೆಂದು ಹೇಳಿ ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಇಸಿಜಿ ತೆಗೆದರು, ಸುರುಳಿಯನ್ನು ಎರಡು ಸಲ ಎಳೆದು ನೋಡಿದರು, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದಾಗ ಅವರ ಮುಖ ಗಂಟಾಯಿತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರುವಂತಿದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಪ್ರಯಾಣವಂತೂ ಬೇಡವೇ ಬೇಡ ಎಂದರು. ಬರೆದುಕೊಡಲು ಪೆನ್ನು ತೆಗೆದರು.

"ಬರೀಬೇಡಿ ಡಾಕ್ಟ್ರೇ," ಎಂದಳು ಗುಂಡಿ. "ಬರೆದ್ರೆ ಎಲ್ಲರದೂ ಹಾಳಾಗುತ್ತೆ."

ನಾಲಿಗೆಯ ಕೆಳಗಿಡುವ ಮಾತ್ರೆ ಮಾತ್ರ ಇಸಿದುಕೊಂಡಳು. ನಾಳೆ ಮನೆಯವರನ್ನು ಕರೆತರುತ್ತೇನೆಂದು ಸುಳ್ಳು ಹೇಳಿ ಹೊರಬಂದಳು.

ಮನೆಗೆ ಬಂದರೆ ಅತ್ತೆ ಹಡಗಿನ ಅಭ್ಯಾಸದಲ್ಲಿದ್ದಳು. ಮಂಚದ ಮೇಲೆ ನಿಂತು, ಮಗಳ ಕೈಯಲ್ಲಿ ಹಾಸಿಗೆ ಅಲ್ಲಾಡಿಸಿಕೊಂಡು, ತೂರಾಡದೆ ನಿಲ್ಲುವುದು ಹೇಗೆಂದು ಕಲಿಯುತ್ತಿದ್ದಳು. ಗುಂಡಿಯನ್ನು ಕಂಡು, ನೀನೂ ಬಾರೇ ಹತ್ತು, ಅಲ್ಲಿ ಹೋದ ಮೇಲೆ ನನ್ನ ಹಿಡ್ಕೊಂಡು ನೀನು ಬಿದ್ದರೆ ಇಬ್ಬರೂ ಮೀನಿಗೆ ಊಟ ಎಂದಳು. ಎಲ್ಲರೂ ನಕ್ಕರು. ಗುಂಡಿಯೂ ನಕ್ಕಳು. ನಗುತ್ತಲೇ ಅವಳಿಗೆ ಹಡಗು ಕಂಡಿತು. ಸುತ್ತ ನೀರು, ದಡವಿಲ್ಲ, ಆಸ್ಪತ್ರೆಯಿಲ್ಲ, ಬಸ್ ಓಡಿಸುವ ಗಂಡ ಎಷ್ಟು ಜೋರಾಗಿ ಓಡಿಸಿದರೂ ಬಂದು ಮುಟ್ಟಲಾರ. ಆದರೂ ಹೇಳಲಿಲ್ಲ. ಹೇಳಿದರೆ ಅತ್ತೆ ಈ ಜನ್ಮದಲ್ಲಿ ಸಮುದ್ರ ನೋಡುವುದಿಲ್ಲ. ಕತ್ತರಿ ಅಕ್ಕ ಬಾಯಿಗೆ ಬಂದದ್ದನ್ನು ಅನ್ನದೆ ಬಿಡುವುದಿಲ್ಲ. ಅವಳ ಲೆಕ್ಕ ಇಷ್ಟೇ. ಸಾವು ಬರಬಹುದು, ಬಾರದೆಯೂ ಇರಬಹುದು. ವಾರಗಿತ್ತಿಯ ಬೈಗುಳ ಮಾತ್ರ ಖಾತ್ರಿ.

ಗುಟ್ಟು ಹಿಡಿದದ್ದು ಆ ವಾರಗಿತ್ತಿಯೇ. ಅಳತೆ ನೋಡುವವಳ ಕಣ್ಣು. ಮರುದಿನ ಮಧ್ಯಾಹ್ನ ಗುಂಡಿ ಬಗ್ಗಿ ಸೂಜಿ ಹೆಕ್ಕುವಾಗ ಅಂಗಿ ಹೆಗಲಿನಿಂದ ಜಾರಿತು. ಕತ್ತರಿ ಅಕ್ಕ ಪಕ್ಕದ ಹೊಲಿಗೆ ನೋಡಿದಳು. ಹಳೆಯ ಹೊಲಿಗೆಗಳ ತೂತುಗಳು ಸಾಲಾಗಿ ಒಂದರ ಪಕ್ಕ ಒಂದು ಕಾಣುತ್ತಿದ್ದವು. ಟೇಪು ಎಳೆದು ಗುಂಡಿಯ ಎದೆಗೆ ಸುತ್ತಿದಳು.

"ಹೋದ ವರ್ಷದ ಅಳತೆಯೇ ಇದೆ. ಮತ್ತೆ ಯಾಕೇ ಬಿಚ್ತಾ ಹೋಗಿದ್ದೀಯಾ?"

"ಬಿಗಿಯಾಗ್ತಿತ್ತು ಅಕ್ಕ."

"ಎಲ್ಲಿ ಬಿಗಿ?"

ಗುಂಡಿ ಅಂಗಿ ತೋರಿಸಲು ಹೋಗಿ ಎದೆ ತೋರಿಸಿದಳು. ತೋರಿಸಿದ ಮೇಲೆ ಅಳು ಒತ್ತರಿಸಿ ಬಂತು. ಮೆಟ್ಟಿಲು, ಕ್ಲಿನಿಕ್ಕು, ಡಾಕ್ಟರು, ಬರೆಯಬೇಡಿ ಎಂದದ್ದು, ಎಲ್ಲ ಹೊರಬಿತ್ತು.

ಕತ್ತರಿ ಅಕ್ಕನ ಕೈಯಲ್ಲಿ ಟೇಪು ಹಾಗೇ ಉಳಿಯಿತು. ಬೈಯಲು ಬಾಯಿ ತೆರೆದಳು, ಮಾತು ಬರಲಿಲ್ಲ. ಇಷ್ಟು ವರ್ಷದಲ್ಲಿ ಅದು ಮೊದಲ ಸಲ. ಗುಂಡಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಹೆದರಿದ ಮನೆಯಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ, ಬಾಯಿ ಮಾತ್ರ ಮಾಡುತ್ತದೆ. ಅತ್ತೆ ಮುಖ ಮುಚ್ಚಿಕೊಂಡು, ನನ್ನ ಹಾಳು ಆಸೆಗೆ ಮನೆಯ ಹುಡುಗಿಯನ್ನು ನುಂಗಿಕೊಳ್ಳುತ್ತಿದ್ದೆನಲ್ಲ, ಯಾರೂ ಹೋಗುವುದು ಬೇಡ ಎಂದಳು. ನಾದಿನಿ, ನನ್ನ ಗೆಳತಿಯನ್ನು ಗುಂಡಿ ಅತ್ತಿಗೆಯ ಹೆಸರಿನಲ್ಲಿ ಕರೆದೊಯ್ದರೆ ಹೇಗೆ ಎಂದಳು. ಕತ್ತರಿ ಅಕ್ಕನಿಗೂ ಅದು ಸರಿ ಕಂಡಿತು. ಅಣ್ಣನ ಕೋಟನ್ನು ತಮ್ಮನಿಗೆ ಹಿಡಿಸುವವರಲ್ಲವೇ, ಟಿಕೆಟ್ಟನ್ನೂ ಹಿಡಿಸಬಹುದು ಎಂದುಕೊಂಡರು. ಅಷ್ಟರಲ್ಲಿ ಅತ್ತೆ ಮತ್ತೆ ಅತ್ತಳು. ಕತ್ತರಿ ಅಕ್ಕ, ಹಾಳಾಗಿ ಹೋಗಲಿ, ನಾಲ್ವರದೂ ಬೇಡ ಅಂದುಬಿಡುತ್ತೇನೆ ಎಂದು ಏಜೆಂಟನ ನಂಬರು ಒತ್ತಿದಳು.

ಆ ಹೊತ್ತಿಗೆ ಹಲೋ ಅಕ್ಕ ಒಳಗೆ ಬಂದಳು.

ಇವಳು ಪಕ್ಕದ ಬೀದಿಯವಳು. ಒಂದು ವಿಮಾ ಕಂಪನಿಯ ಸಹಾಯವಾಣಿಯಲ್ಲಿ ದಿನವಿಡೀ ಫೋನು ಎತ್ತುವ ಕೆಲಸ. ಮನೆಯಲ್ಲಿ ಗಂಡ ಕೂಗಿದರೂ ಹಲೋ ಎನ್ನುತ್ತಾಳೆಂದು ಆ ಹೆಸರು. ಕೂತು ಕೂತು ಬೆಳೆದ ಸೊಂಟಕ್ಕೆ ಪ್ಯಾಂಟು ಸಡಿಲ ಮಾಡಿಸಲು ಕೊಟ್ಟಿದ್ದಳು. ಬಂದವಳು ನಾಲ್ವರ ಮುಖ ನೋಡಿದಳು, ಏನೆಂದು ಕೇಳಿದಳು, ಅರ್ಧ ಕೇಳುವಷ್ಟರಲ್ಲಿ ಕತ್ತರಿ ಅಕ್ಕನ ಕೈಯಿಂದ ಫೋನು ಕಿತ್ತುಕೊಂಡು ಕರೆ ನಿಲ್ಲಿಸಿದಳು.

"ಮೊದಲು ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಡಗಿನ ವಿಷಯ ಆಟೋದಲ್ಲಿ ಮಾತಾಡೋಣ."

ಆಟೋದಲ್ಲಿ ಗುಂಡಿ ನಡುವೆ, ಕತ್ತರಿ ಅಕ್ಕ, ಹಲೋ ಅಕ್ಕ ಆಚೆ ಈಚೆ. ಮನೆ ಬಾಗಿಲಿನಲ್ಲಿ ನಿಂತ ಅತ್ತೆಯ ಕೈ ಬೀಸುವುದಕ್ಕೂ ಮೇಲೇಳಲಿಲ್ಲ. ಗುಂಡಿ ಕಣ್ಣು ಮುಚ್ಚಿ ಒಂದೇ ಮಾತು ಹೇಳುತ್ತಿದ್ದಳು, ನನ್ನಿಂದ ಎಲ್ಲರದೂ ಹೋಯ್ತು ಅಂತ.

"ಯಾರದೂ ಹೋಗಿಲ್ಲ," ಎಂದಳು ಹಲೋ ಅಕ್ಕ. "ಒಂದೇ ಥಾನಿನ ಬಟ್ಟೇಲಿ ನಾಲ್ಕು ಅಂಗಿ ಹೊಲೀತೀರಿ. ಒಂದು ಹರಿದ್ರೆ ಮಿಕ್ಕ ಮೂರೂ ಹರಿಯುತ್ತಾ?"

ಬುಕಿಂಗ್ ಒಂದೇ ಇದ್ದರೂ ವಿಮೆ ಬೇರೆ ಬೇರೆ ಇರಬಹುದು ಎಂದು ಅವಳು ಬಿಡಿಸಿ ಹೇಳಿದಳು. ಕಾಗದದಲ್ಲಿ ಒಬ್ಬೊಬ್ಬರಿಗೂ ಬೇರೆ ನಂಬರು ಇದ್ದರೆ ಒಬ್ಬರು ಹೋಗದೆ ನಿಂತ ಮಾತ್ರಕ್ಕೆ ಮಿಕ್ಕವರ ವಿಮೆ ಸಾಯುವುದಿಲ್ಲ. ನಾಲ್ವರಿಗೂ ಬೇಡ ಎಂದು ಕತ್ತರಿ ಅಕ್ಕ ಹೇಳಿಬಿಟ್ಟಿದ್ದರೆ ಅದು ಮನಸ್ಸು ಬದಲಾಯಿಸಿದ ಲೆಕ್ಕಕ್ಕೆ ಹೋಗುತ್ತಿತ್ತು, ಮನಸ್ಸು ಬದಲಾದದ್ದಕ್ಕೆ ಸಾಮಾನ್ಯವಾಗಿ ವಿಮೆ ಕೊಡುವುದಿಲ್ಲ. ಕಾಯಿಲೆ ಬೇರೆ, ಬೇಡ ಅನ್ನುವುದು ಬೇರೆ.

ಕತ್ತರಿ ಅಕ್ಕನಿಗೆ ನಂಬಿಕೆ ಬರಲಿಲ್ಲ. ವಿಮೆಯವರು ಇಸ್ಕೊಳ್ಳುವಾಗ ಬೀಗರಂತೆ ಬರುತ್ತಾರೆ, ಕೊಡುವಾಗ ಗುರುತೇ ಹಿಡಿಯುವುದಿಲ್ಲ ಎಂದಳು.

"ಗುರುತು ಹಿಡಿಯೋದಕ್ಕೆ ಗುರುತು ಬೇಕಲ್ಲ," ಎಂದಳು ಹಲೋ ಅಕ್ಕ. "ಡಾಕ್ಟ್ರು ಬರೀತೀನಿ ಅಂದಾಗ ಇವಳು ಬರೀಬೇಡಿ ಅಂದಳು. ನನ್ನ ಫೋನಿಗೆ ದಿನಾ ಅಳೋರೆಲ್ಲ ಇಂಥವರೇ. ಕಾಯಿಲೆ ನಿಜ, ಬರಹ ಇಲ್ಲ. ಮೊದಲು ಡಾಕ್ಟ್ರ ಬರಹ, ಆಮೇಲೆ ಕ್ಯಾನ್ಸಲ್. ಹಿಂದು ಮುಂದಾದ್ರೆ ವಿಮೆಯವರು ಕೇಳೋ ಪ್ರಶ್ನೆಗೆ ನಿಮ್ಮ ಹತ್ರ ಉತ್ತರ ಇರಲ್ಲ."

ಗೆಳತಿಯನ್ನು ಕಳಿಸುವ ಮಾತು ಬಂತು. ಹಲೋ ಅಕ್ಕ ತಲೆಯಾಡಿಸಿದಳು. ಹೆಸರು ಬದಲಿಸುವುದಾದರೆ ಹಡಗಿನವರನ್ನು ಕೇಳಿಯೇ ಬದಲಿಸಬೇಕು, ಬದಲಿಸಿದರೂ ಗುಂಡಿಯ ವಿಮೆ ಗೆಳತಿಯ ಮೈಗೆ ಹಿಡಿಯುವುದಿಲ್ಲ, ಅದು ಕೋಟಲ್ಲ. ಬೇರೊಬ್ಬರ ಹೆಸರು ಹೇಳಿಕೊಂಡು ಹತ್ತಿದರಂತೂ ಬಂದರಿನಲ್ಲೇ ಪೊಲೀಸರು. ಇನ್ನು ಮಾತ್ರೆ ಇಟ್ಟುಕೊಂಡು ಗುಂಡಿಯೇ ಹೋಗಿದ್ದರೆ? ಹಡಗಿನಲ್ಲಿರುವುದು ಸಣ್ಣ ಚಿಕಿತ್ಸೆಯ ಕೋಣೆ. ಹೆಚ್ಚಾದರೆ ಹೆಲಿಕಾಪ್ಟರ್ ಬರಬೇಕು, ಅದೂ ಗಾಳಿ ಒಪ್ಪಿದರೆ. ಡಾಕ್ಟರು ಬೇಡ ಎಂದ ಮೇಲೆ ಹೊರಟವರ ಚಿಕಿತ್ಸೆಗೆ ವಿಮೆಯೂ ಒಪ್ಪುವುದಿಲ್ಲ. "ಅಂಥ ಒಂದು ಫೋನು ನಾನೇ ಎತ್ತಿದ್ದೀನಿ," ಎಂದಳು. "ಹಡಗಿನಿಂದ ಮಾಡಿದ್ದರು. ಹಲೋ ಅಂದೆ. ಆ ಕಡೆ ಅಳು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ."

ಕತ್ತರಿ ಅಕ್ಕ ಗುಂಡಿಯ ಕೈ ಹಿಡಿದಳು. ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ಒಳಗೆ ಗಾಲಿಮಂಚದ ಮೇಲೆ ಗುಂಡಿಯನ್ನು ದೂಡಿಕೊಂಡು ಹೋದರು. ಬಾಗಿಲು ಮುಚ್ಚಿತು. ಅವಳ ಗಂಡ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಓಡಿ ಬಂದು ಬಾಗಿಲ ಮುಂದೆ ನಿಂತ. ಹಸಿರು ಗೋಡೆ, ಫಿನಾಯಿಲ್ ವಾಸನೆ, ಯಾರದೋ ಚಪ್ಪಲಿಯ ಸದ್ದು. ಕತ್ತರಿ ಅಕ್ಕ ಕೂರಲಾರದೆ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಅಂಗಡಿಯಿಂದ ಬರುವಾಗ ಅದು ಕೈಯಲ್ಲೇ ಬಂದಿತ್ತು. ನಾದಿನಿ ಜಿಪ್ಪುಗಳ ಡ್ರಾಯರಿನಿಂದ ವಿಮೆಯ ಕಾಗದ ತಂದುಕೊಟ್ಟಳು. ಹಲೋ ಅಕ್ಕ ಬೆರಳಿಟ್ಟು ಓದತೊಡಗಿದಳು. ನಾಲ್ವರಿಗೂ ಬೇರೆ ಬೇರೆ ನಂಬರು ಇತ್ತು.

ಹೊರಡುವವರ ಹತ್ತಿರದ ಸಂಬಂಧಿಗೆ ಕಾಯಿಲೆ ಬಂದರೆ ಹೊರಡುವವರೂ ನಿಂತು ವಿಮೆ ಕೇಳಬಹುದು ಎಂದು ಅದರಲ್ಲಿತ್ತು. ಹತ್ತಿರದವರು ಯಾರು ಎಂದೂ ಇತ್ತು. ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಅಕ್ಕ ತಂಗಿ, ಅಣ್ಣ ತಮ್ಮ, ಅತ್ತೆ ಮಾವ, ಸೊಸೆ, ಅಳಿಯ.

"ವಾರಗಿತ್ತಿ?" ಎಂದು ಕೇಳಿದಳು ಕತ್ತರಿ ಅಕ್ಕ.

"ಇಲ್ಲ."

"ಸರಿಯಾಗಿ ನೋಡು."

"ನೋಡಿದೆ ಅಕ್ಕ. ವಾರಗಿತ್ತಿ ಇಲ್ಲ."

ಕತ್ತರಿ ಅಕ್ಕ ಕಾಗದವನ್ನೇ ದುರುಗುಟ್ಟಿ ನೋಡಿದಳು. ಒಂದೇ ಒಲೆಯ ಮುಂದೆ ನಿಂತವರು, ಒಂದೇ ಮೆಷಿನ್ನಿಗೆ ಸರದಿ ಕಾದವರು, ಎಷ್ಟು ಸಲ ಮಾತು ಬಿಟ್ಟು ಎಷ್ಟು ಸಲ ಮಾತು ಕೂಡಿದವರು. "ಅಂದ್ರೆ ಒಳಗೆ ಮಲಗಿರೋಳು ನನಗೆ ಯಾರೂ ಅಲ್ಲ ಅಂತಲಾ?" ಎಂದಳು. ಗುಂಡಿಯನ್ನು ಕಂಡರೆ ಸಿಡುಕುವ ಹೆಂಗಸು ಟೇಪಿನಿಂದ ಕಣ್ಣೊರೆಸಿಕೊಂಡಳು.

ಹಲೋ ಅಕ್ಕ ಪುಟ ತಿರುವಿದಳು. ಸಹಪ್ರಯಾಣಿಕರು ಎಂಬ ಇನ್ನೊಂದು ಭಾಗವಿತ್ತು. ಒಂದೇ ಬುಕಿಂಗಿನಲ್ಲಿ, ಒಂದೇ ಕೋಣೆಯಲ್ಲಿ ಹೋಗಬೇಕಾದವರಲ್ಲಿ ಒಬ್ಬರು ಕಾಯಿಲೆಯಿಂದ ನಿಂತರೆ, ಇನ್ನೊಬ್ಬರೂ ನಿಲ್ಲಬಹುದು. ಇಲ್ಲ, ಒಬ್ಬರೇ ಹೋಗುವುದಾದರೆ ಇಬ್ಬರ ಕೋಣೆಗೆ ಒಬ್ಬರೇ ಕಟ್ಟಬೇಕಾಗುವ ಹೆಚ್ಚುವರಿ ಹಣವನ್ನು ವಿಮೆ ನೋಡಿಕೊಳ್ಳುತ್ತದೆ. ಎಲ್ಲ ವಿಮೆಯಲ್ಲೂ ಇದು ಇರುವುದಿಲ್ಲ, ನಿಮ್ಮದರಲ್ಲಿ ಇದೆ ಎಂದಳು.

"ವಾರಗಿತ್ತಿ ಅಂತ ಅಲ್ಲ ಅಕ್ಕ. ಜೊತೆಗಾತಿ ಅಂತ ಲೆಕ್ಕ."

"ಹಾಗೇ ಬರ್ಕೊಳ್ಳಲಿ," ಎಂದಳು ಕತ್ತರಿ ಅಕ್ಕ. "ನಾನು ಹೋಗಲ್ಲ."

ಬಾಗಿಲು ತೆರೆದು ಡಾಕ್ಟರು ಹೊರಬಂದರು. ನಾಳದಲ್ಲಿ ದೊಡ್ಡ ತಡೆ ಇದೆ, ಈಗಲೇ ಬಿಡಿಸಿ, ನಾಳ ಮತ್ತೆ ಮುಚ್ಚದಂತೆ ಹಿಡಿಯುವ ಸ್ಟೆಂಟ್ ಹಾಕಬೇಕು, ಸಹಿ ಮಾಡಿ ಎಂದರು. ಇನ್ನು ಸ್ವಲ್ಪ ದಿನ ಬಿಟ್ಟು ಬಂದಿದ್ದರೆ ಎಂದು ಶುರುಮಾಡಿದ ಡಾಕ್ಟರು ಗಂಡನ ಮುಖ ನೋಡಿ ಆ ಮಾತನ್ನು ಮುಗಿಸಲಿಲ್ಲ. ಗಂಡ ಸಹಿ ಹಾಕಿದ.

ಗುಂಡಿ ಉಳಿದಳು.

ಪ್ರಯಾಣ ಬೇಡ ಎಂಬ ಡಾಕ್ಟರ ಬರಹ ಕೈಗೆ ಬಂದ ಕೂಡಲೇ ಹಲೋ ಅಕ್ಕ ಕೂತು ಹೇಳಿಕೊಟ್ಟಂತೆ ನಾದಿನಿ ಎರಡು ಕಡೆಗೆ ಬರೆದು ಕಳಿಸಿದಳು, ಒಂದು ಏಜೆಂಟನಿಗೆ, ಒಂದು ವಿಮೆಯವರಿಗೆ. ಯಾರು ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ, ಯಾರು ಹೋಗುತ್ತಾರೆ. ಅತ್ತೆಗೂ ನಿಲ್ಲುವ ಹಕ್ಕಿತ್ತು, ಸೊಸೆ ಆ ಪಟ್ಟಿಯಲ್ಲಿದ್ದಳು. ನಿಲ್ಲುತ್ತೇನೆಂದೇ ಅವಳು ಹಟ ಹಿಡಿದಳು. ವಾರ್ಡಿನ ಮಂಚದಿಂದ ಗುಂಡಿಯೇ, ನೀವು ಹೋಗದಿದ್ದರೆ ನಾನು ಇಷ್ಟು ದಿನ ಹೆದರಿ ಸತ್ತದ್ದು ದಂಡ ಅತ್ತೆ ಎಂದಳು. ಅತ್ತೆ ಹೋದಳು.

ವಿಮೆಯವರು ಸುಲಭಕ್ಕೆ ಬಗ್ಗಲಿಲ್ಲ. ಎದೆ ಹಿಡಿಯತೊಡಗಿದ್ದು ಯಾವಾಗ, ವಿಮೆ ಮಾಡಿಸುವ ಮೊದಲೇ ಇತ್ತೇ ಎಂದು ಕೆದಕಿದರು. ಕ್ಲಿನಿಕ್ಕಿನ ಇಸಿಜಿ ಕೇಳಿದರು, ಹಡಗಿನವರು ಎಷ್ಟು ಹಣ ಹಿಂದಿರುಗಿಸುತ್ತಾರೆಂಬ ಬರಹ ಕೇಳಿದರು. ವಿಮೆ ಮಾಡಿಸುವಾಗ ಯಾವ ಕಾಯಿಲೆಯೂ ಗೊತ್ತಿರಲಿಲ್ಲ, ಮುಚ್ಚಿಟ್ಟದ್ದೂ ಇರಲಿಲ್ಲ, ಹಾಗಾಗಿ ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಕೊನೆಗೆ ಕೊಟ್ಟರು. ಪೂರ್ತಿ ಕೊಡಲಿಲ್ಲ, ಕೆಲವು ಖರ್ಚು ಅವರ ನಿಯಮದಲ್ಲಿ ಬರುವುದಿಲ್ಲವಂತೆ. ಕತ್ತರಿ ಅಕ್ಕ ಅದಕ್ಕೂ ಬೈದಳು. ಅವಳ ಬಾಯಿ ಮತ್ತೆ ಚಾಲೂ ಆದದ್ದು ಕೇಳಿ ಗುಂಡಿಗೆ ಎಷ್ಟೋ ಸಮಾಧಾನವಾಯಿತು.

ಹಡಗು ಒಂದು ಬಂದರಿನ ಹತ್ತಿರ ಬಂದ ದಿನ ಅತ್ತೆಯ ಫೋನು ಬಂತು. ಫೋನನ್ನು ಹಡಗಿನ ಅಂಚಿನ ಕಂಬಿಯ ಆಚೆ ಹಿಡಿದಿರಬೇಕು, ನೀರು ಮೊರೆಯುವ ಸದ್ದಷ್ಟೇ ಬಹಳ ಹೊತ್ತು ಕೇಳಿಸಿತು. ಆಮೇಲೆ ಅತ್ತೆ ಹೇಳಿದಳು, "ತುದಿಯೇ ಇಲ್ಲ ಕಣ್ರೇ. ನೋಡಿದರೆ ಭಯ ಆಗುತ್ತೆ. ನೀನು ಬರದೇ ಇದ್ದದ್ದು ಒಳ್ಳೇದಾಯ್ತು ಗುಂಡಿ."

ಕತ್ತರಿ ಅಕ್ಕ ಕಿಟಕಿಯ ಬಳಿ ಕೂತು ಗುಂಡಿಯ ಆ ಅಂಗಿಯ ಪಕ್ಕದ ಹೊಲಿಗೆಯನ್ನು ಹಳೆಯ ಅಳತೆಗೆ ಹಿಡಿದು ಹೊಲಿಯುತ್ತಿದ್ದಳು. ಹಲ್ಲಿನಿಂದ ನೂಲು ಕಡಿದು, ಹಾಕ್ಕೋ ಎಂದು ಮಂಚದ ಮೇಲೆ ಎಸೆದಳು. ಅಂಗಿ ಮೈಗೆ ಸರಿಯಾಗಿ ಕೂತಿತು.

ಓದಿದಿರಲ್ಲ. ಈಗ ನಿಮ್ಮ ಸರದಿ. ಗುಂಪಿನಲ್ಲಿ ಎಲ್ಲಿಗಾದರೂ ಹೊರಟಿದ್ದರೆ ಎದ್ದು ಹೋಗಿ ನಿಮ್ಮ ವಿಮೆಯ ಕಾಗದ ಯಾವ ಡ್ರಾಯರಿನ ತಳದಲ್ಲಿದೆ ನೋಡಿ. ಒಬ್ಬೊಬ್ಬರಿಗೂ ಬೇರೆ ಇದೆಯೇ, ಜೊತೆಯವರು ನಿಂತರೆ ಏನು ಎಂದು ಬರೆದಿದೆಯೇ, ನಿಮ್ಮವರೆಂದು ನೀವು ತಿಳಿದವರು ಅದರ ಪಟ್ಟಿಯಲ್ಲಿ ಇದ್ದಾರೆಯೇ ಓದಿ. ಅರ್ಥವಾಗದಿದ್ದರೆ ನಾಚಿಕೆ ಬಿಟ್ಟು ಕೇಳಿ. ಇರುವ ಕಾಯಿಲೆಯನ್ನು ವಿಮೆ ಮಾಡಿಸುವಾಗಲೇ ಹೇಳಿ. ಹೊರಡುವ ಮುಂಚೆ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಡಾಕ್ಟರು, ಆಮೇಲೆ ಅವರ ಬರಹ, ಅದೇ ದಿನ ಏಜೆಂಟನಿಗೂ ವಿಮೆಯವರಿಗೂ ಸುದ್ದಿ. ಸಿಟ್ಟಿನಲ್ಲಿ ಎಲ್ಲರದೂ ಬೇಡ ಎನ್ನಬೇಡಿ, ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಕದ್ದು ಕಳಿಸಬೇಡಿ.

ಇದನ್ನು ಓದುತ್ತಿರುವ ತಂಗಿಯರಿಗೆ ಇನ್ನೊಂದು ಮಾತು. ನೀವು ನಿಂತರೆ ಹಡಗು ಮುಳುಗುವುದಿಲ್ಲ, ಅತ್ತೆಯ ಸಮುದ್ರ ಎಲ್ಲಿಗೂ ಓಡುವುದಿಲ್ಲ. ಎದೆ ಬಿಗಿದರೆ ಹೊಲಿಗೆ ಬಿಚ್ಚಬೇಡಿ. ಬಾಯಿ ಬಿಚ್ಚಿ.